ಮಸಾಲೆಯ ತಪ್ಪಲ್ಲ, ಕೋಳಿಯ ವಯಸ್ಸು

ಭಾನುವಾರದ ಕೋಳಿ ಸಾರು ರುಚಿ ಹತ್ತಲಿಲ್ಲವೆಂದರೆ ಬಳ್ಳಾರಿಯ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಮಸಾಲೆ. ಕೊಬ್ಬರಿ ಕಡಿಮೆ ಬಿತ್ತು, ಗಸಗಸೆ ಮರೆತೆವು, ಲವಂಗ ಹಳೇದು, ಈ ಸಲದ ಖಾರದ ಪುಡಿಯೇ ಸರಿ ಇಲ್ಲ. ಮಸಾಲೆಯ ಸರದಿ ಮುಗಿದ ಮೇಲೆ ಅಡುಗೆ ಮಾಡಿದವರ ಸರದಿ. ಕೋಳಿಯನ್ನು ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಸತ್ತವರನ್ನು ಆಡಿಕೊಳ್ಳಬಾರದೆಂಬ ಮರ್ಯಾದೆಯೋ ಏನೋ. ಆದರೆ ಸಾರಿನ ಹಣೆಬರಹದಲ್ಲಿ ಮುಕ್ಕಾಲು ಪಾಲು ಕೋಳಿ ಅಂಗಡಿಯ ಮುಂದೆ ನಿಂತಾಗಲೇ ಬರೆದಾಗಿರುತ್ತದೆ. ಉಳಿದ ಕಾಲು ಪಾಲಿನಲ್ಲಿ ಹೆಚ್ಚಿನದು ಒಲೆಯದು. ಮಸಾಲೆ ಬರುವುದು ಅದರ ನಂತರ.

ಕೌಲ್ ಬಜಾರಿನಲ್ಲೋ ಊರಿನ ಬೇರೆ ಯಾವ ಬೀದಿಯಲ್ಲೋ ಭಾನುವಾರ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ನಾಲ್ಕು ನಮೂನೆಯ ಕೋಳಿ ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಎಲ್ಲರ ಬಾಯಲ್ಲಿ ‘ಬಾಯ್ಲರ್’ ಆಗಿರುವ ಬ್ರಾಯ್ಲರ್. ಮರಿಯಾಗಿ ಶೆಡ್ಡಿಗೆ ಬಂದ ಆರೇಳು ವಾರದೊಳಗೆ ಎರಡು ಕಿಲೋ ತೂಗಿ ತಕ್ಕಡಿಗೆ ಏರುವ ಹಕ್ಕಿ ಅದು. ಓಡಿದ್ದಿಲ್ಲ, ಕೆದರಿದ್ದಿಲ್ಲ, ಗೋಡೆ ಹತ್ತಿದ್ದಿಲ್ಲ. ಎರಡನೆಯದು ಜವಾರಿ. ಬೆಂಗಳೂರಿನವರು ನಾಟಿ ಅನ್ನುವುದಕ್ಕೆ ನಮ್ಮ ಕಡೆ ಈ ಹೆಸರು. ತಿಪ್ಪೆ ಕೆದರಿ, ಹುಳುಹುಪ್ಪಟೆ ತಿಂದು, ಬೆಕ್ಕು ನಾಯಿಗಳಿಂದ ತಪ್ಪಿಸಿಕೊಂಡು, ಐದಾರು ತಿಂಗಳಾದ ಮೇಲೆ ಹೆಚ್ಚೂಕಮ್ಮಿ ಒಂದು ಕಿಲೋ ಆಗುವಂಥದ್ದು. ಮೂರನೆಯದು ಗಿರಿರಾಜ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಲ್ಲಿ ಸಾಕುವುದಕ್ಕೆಂದೇ ರೂಪಿಸಿದ ತಳಿ. ಬಣ್ಣದ ಗರಿ, ದಪ್ಪ ಮೈ. ಇದನ್ನೇ ಜವಾರಿ ಎಂದು ಹೇಳಿ ದಾಟಿಸುವ ಅಂಗಡಿಗಳು ಇಲ್ಲವೆಂದಲ್ಲ. ಗಿರಿರಾಜ ಕೆಟ್ಟ ಕೋಳಿಯೇನಲ್ಲ. ಆದರೆ ಜವಾರಿಯ ದುಡ್ಡು ಕೊಟ್ಟವನಿಗೆ ಸಿಟ್ಟು ಬರುವುದು ಸಹಜ.

ನಾಲ್ಕನೆಯದರ ಬಗ್ಗೆ ಎರಡು ಮಾತು ಜಾಸ್ತಿ ಆಡಬೇಕು, ಯಾಕೆಂದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸಪೇಟೆ, ಬಳ್ಳಾರಿ ಸುತ್ತಮುತ್ತ ಮೊಟ್ಟೆ ಕೋಳಿ ಫಾರ್ಮುಗಳು ಬಹಳ. ದೇಶದ ಮೊಟ್ಟೆ ದರ ಹೇಳುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯ ಪಟ್ಟಿಯಲ್ಲಿ ಹೊಸಪೇಟೆಗೆ ತನ್ನದೇ ಸಾಲು ಇದೆ. ಅಲ್ಲಿ ಒಂದೂವರೆ ವರ್ಷದ ಹತ್ತಿರ ಬಂದು ಮೊಟ್ಟೆ ಇಳಿಮುಖವಾದ ಕೋಳಿಗಳನ್ನು ಸಾಗಹಾಕುತ್ತಾರೆ. ಮೈಯಲ್ಲಿ ಮಾಂಸ ಕಡಿಮೆ, ಎಲುಬು ಜಾಸ್ತಿ, ಗರಿ ಅರ್ಧ ಉದುರಿರುತ್ತದೆ. ನೋಡಿದರೆ ತಿನ್ನುವ ಮನಸ್ಸೇ ಬರುವುದಿಲ್ಲ. ಹುರಿದು ತಿನ್ನಲು ಹೋದರೆ ದವಡೆ ನೋಯುತ್ತದೆ. ಆದರೆ ಎರಡು ತಾಸು ಸಣ್ಣ ಉರಿಯಲ್ಲಿಟ್ಟು ಸಾರು ತೆಗೆದರೆ ಬಾಯ್ಲರ್ ಅದರ ಹತ್ತಿರ ಸುಳಿಯಲಾರದು. ಜವಾರಿ ತರಲು ಕೈ ಹಿಡಿದಾಗ ನಾನು ತರುವುದು ಇದನ್ನೇ.

ಕಾರಣ ಕೋಳಿಯ ವಯಸ್ಸು. ಮಾಂಸದ ಎಳೆಗಳನ್ನು ಒಂದಕ್ಕೊಂದು, ಆಮೇಲೆ ಎಲುಬಿಗೆ ಕಟ್ಟಿಹಾಕುವುದು ಕೊಲಾಜನ್ ಎಂಬ ಪ್ರೋಟೀನು. ಕೋಳಿ ಬಲಿತಂತೆ, ಓಡಾಡಿದಂತೆ ಈ ಕಟ್ಟು ಬಿಗಿಯಾಗುತ್ತ ಹೋಗುತ್ತದೆ. ಬಲಿತ ಕೋಳಿ ಗಟ್ಟಿಯಾಗಿರುವುದು ಅದಕ್ಕೇ. ಬಿಸಿನೀರಿನಲ್ಲಿ ತಾಸುಗಟ್ಟಲೆ ಇಟ್ಟಾಗ ಇದೇ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ. ಸಾರು ತುಟಿಗೆ ಸ್ವಲ್ಪ ಅಂಟಿದಂತಾಗುವುದು, ನುಂಗಿದ ಮೇಲೂ ನಾಲಿಗೆಯ ಮೇಲೆ ನಿಲ್ಲುವುದು ಜೆಲಟಿನ್ನಿನ ಕೆಲಸ. ಎಳೆಯ ಬಾಯ್ಲರಿನಲ್ಲಿ ಕಟ್ಟು ಸಡಿಲ. ಅರ್ಧ ತಾಸಿನಲ್ಲಿ ಬೆಂದು ಎಳೆ ಬಿಚ್ಚಿಕೊಂಡುಬಿಡುತ್ತದೆ. ಅದನ್ನು ಎರಡು ತಾಸು ಕುದಿಸಿದರೆ ಸಿಗುವುದು ಸಾರಲ್ಲ, ನಾರು. ನಿಧಾನದ ಅಡುಗೆಗೆ ಅವಸರದಲ್ಲಿ ಬೆಳೆದ ಕೋಳಿ ಒಗ್ಗುವುದಿಲ್ಲ.

ವಯಸ್ಸು ಗೊತ್ತಾಗುವುದು ಹೇಗೆ? ಅಂಗಡಿಯವನನ್ನು ಕೇಳಿ ಪ್ರಯೋಜನವಿಲ್ಲ. ಕಾಲು ನೋಡಬೇಕು. ಎಳೆಯದರ ಕಾಲಿನ ಹುರುಪೆ ನುಣ್ಣಗೆ, ಮುಟ್ಟಿದರೆ ಮೆತ್ತಗೆ. ಬಲಿತದ್ದರದು ಒರಟು, ಎದ್ದು ನಿಂತಿರುತ್ತದೆ. ಹುಂಜವಾದರೆ ಕಾಲಿನ ಹಿಂದಿನ ಮುಳ್ಳು ನೋಡಿದರೆ ಸಾಕು. ಕೊಯ್ದದ್ದೇ ಸಿಕ್ಕಿದರೆ ಎದೆಯೆಲುಬಿನ ಕೆಳತುದಿಯನ್ನು ಹೆಬ್ಬೆರಳಿನಿಂದ ಒತ್ತಿ: ಬಾಗಿದರೆ ಎಳೆಯದು, ಬಾಗದಿದ್ದರೆ ಬಲಿತದ್ದು. ಮೊಟ್ಟೆ ಇಡುತ್ತಿದ್ದ ಹ್ಯಾಟೆಯಾದರೆ ಹೊಟ್ಟೆಯೊಳಗೆ ಸಣ್ಣದು ದೊಡ್ಡದು ಸೇರಿ ಹಳದಿ ಮೊಟ್ಟೆಗಳ ಗೊಂಚಲೇ ಸಿಗುತ್ತದೆ. ಅದನ್ನು ಎಸೆಯುವವರಿದ್ದಾರೆ. ಸಾರಿನಲ್ಲಿ ಕೊನೆಯ ಹತ್ತು ನಿಮಿಷ ಬೇಯಿಸಿ ಮಕ್ಕಳ ತಟ್ಟೆಗೆ ಹಾಕಿ ನೋಡಲಿ.

ಚರ್ಮ ಸುಲಿಸಬೇಡಿ. ನಗರದ ಅಂಗಡಿಯಲ್ಲಿ ಕೇಳದೆಯೇ ಸುಲಿದು ಕೊಡುತ್ತಾರೆ, ಅವರಿಗೆ ಅದು ಬೇಗ ಮುಗಿಯುವ ಕೆಲಸ. ಹಳ್ಳಿಯಲ್ಲಿ ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತು, ಅರಿಶಿನ ಸವರಿ, ಜೋಳದ ದಂಟಿನ ಉರಿಯಲ್ಲಿ ಆ ಕಡೆ ಈ ಕಡೆ ಹೊರಳಿಸಿ ಸುಡುತ್ತಾರೆ. ಉಳಿದ ಸಣ್ಣ ಕೂದಲು ಚಟಚಟ ಸುಟ್ಟು, ಚರ್ಮ ಬಿಗಿದು, ಕೆಳಗಿನ ಕೊಬ್ಬು ಒಂದಿಷ್ಟು ಕರಗಿ ಮಿನುಗುತ್ತದೆ. ಆ ಸುಟ್ಟ ವಾಸನೆ ಸಾರಿನಲ್ಲಿ ಕೊನೆಯವರೆಗೂ ಇರುತ್ತದೆ. ಅದನ್ನು ಯಾವ ಪೊಟ್ಟಣದ ಮಸಾಲೆಯೂ ಕೊಡಲಾರದು.

ಇನ್ನು ಒಲೆ. ಕುರುಗೋಡಿನಲ್ಲಿರುವ ನಮ್ಮ ದೊಡ್ಡವ್ವನ ಮನೆಯಲ್ಲಿ ಗ್ಯಾಸಿದೆ, ಕುಕ್ಕರ್ ಇದೆ. ಕೋಳಿಗೆ ಮಾತ್ರ ಹಿತ್ತಲಿನ ಮೂರು ಕಲ್ಲು. ಕಟ್ಟಿಗೆ ಎರಡು ಬಗೆ. ಹೊತ್ತಿಸಲಿಕ್ಕೆ ಹತ್ತಿ ಕಟ್ಟಿಗೆ: ಬೇಗ ಹತ್ತುತ್ತದೆ, ಬೇಗ ಆರುತ್ತದೆ. ಆಮೇಲೆ ಜಾಲಿ. ನಾಡಿನ ಉದ್ದಗಲಕ್ಕೂ ಬಳ್ಳಾರಿ ಜಾಲಿ ಎಂಬ ಹೆಸರಿನಲ್ಲಿ ಬೈಸಿಕೊಳ್ಳುವ ಆ ಮುಳ್ಳುಗಿಡ ಮೂಲದಲ್ಲಿ ಅಮೆರಿಕ ಖಂಡದ್ದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷರ ಕಾಲದ ಅರಣ್ಯ ಇಲಾಖೆ ಸೌದೆಗೆಂದು ತಂದದ್ದು ಹೊಲ, ಕೆರೆ, ಗೋಮಾಳ ಎಲ್ಲವನ್ನೂ ನುಂಗಿತು. ರೈತನಿಗೆ ಶತ್ರು, ಒಪ್ಪುವ ಮಾತೇ. ಆದರೆ ಒಣಗಿದ ಜಾಲಿಯ ಕೆಂಡ ಮಾತ್ರ ಬೂದಿಯಡಿ ತಾಸುಗಟ್ಟಲೆ ಜೀವ ಹಿಡಿದಿರುತ್ತದೆ. ಕೋಳಿ ಸಾರಿಗೆ ಬೇಕಾದದ್ದೂ ಅಂಥ ಕಾವೇ.

ಗಡಿಗೆ ಗುಳುಗುಳು ಅನ್ನತೊಡಗಿದರೆ ದೊಡ್ಡವ್ವ ಪಡಸಾಲೆಯಿಂದಲೇ ಕೂಗುತ್ತಾಳೆ: “ಉರಿ ತಗ್ಗಸೋ ತಮ್ಮಾ. ಅದು ಕುದೀಬಾರ್ದು, ಮಿಸುಕಾಡ್ಬೇಕು ಅಷ್ಟ.” ಕಿವಿಯಲ್ಲೇ ಉಷ್ಣಾಂಶ ಅಳೆಯುವ ವಿದ್ಯೆ ಅದು. ಜೋರಾಗಿ ಕುದಿಸಿದರೆ ಮಾಂಸದ ಎಳೆಗಳು ಮುದುಡಿ ನೀರು ಹಿಂಡಿಕೊಳ್ಳುತ್ತವೆ, ಕೊಬ್ಬು ನೀರಿನೊಳಗೆ ಒಡೆದು ಸಾರು ಬಗ್ಗಡವಾಗುತ್ತದೆ. ಕುದಿಗಿಂತ ಸ್ವಲ್ಪ ಕೆಳಗೆ, ಅಂದಾಜು 85-90 ಡಿಗ್ರಿಯಲ್ಲಿ ಇಟ್ಟರೆ ಎರಡೂ ಕಡಿಮೆ, ಕೊಲಾಜನ್ ಮಾತ್ರ ತನ್ನ ಪಾಡಿಗೆ ಕರಗುತ್ತಿರುತ್ತದೆ. ಗಡಿಗೆಯ ಬಾಯಿಗೆ ಮುಚ್ಚಳದ ಬದಲು ತಗ್ಗಾದ ತಾಟು, ತಾಟಿನಲ್ಲಿ ನೀರು. ಒಳಗಿನ ಆವಿ ತಾಟಿನ ತಳಕ್ಕೆ ತಾಗಿ ಹನಿಯಾಗಿ ಮತ್ತೆ ಗಡಿಗೆಗೇ ಬೀಳುತ್ತದೆ. ಮೇಲಿನ ನೀರು ಬಿಸಿಯಾಗುತ್ತ ಇರುತ್ತದೆ. ಸಾರು ಇಂಗಿದಾಗ ಆ ಬಿಸಿನೀರನ್ನೇ ಸುರಿಯುವುದು. ನಡುವೆ ತಣ್ಣೀರು ಹೊಯ್ದರೆ ದೊಡ್ಡವ್ವನ ಕೈಯಲ್ಲಿ ಸಹಸ್ರನಾಮ ಖಚಿತ.

ಮಾಡುವ ಬಗೆ ಹೇಳಿಬಿಡುತ್ತೇನೆ. ಒಂದು ಕಿಲೋ ಚರ್ಮ ಸಹಿತ ಬಲಿತ ಕೋಳಿಗೆ ಅರ್ಧ ಚಮಚ ಅರಿಶಿನ, ಎರಡು ಚಮಚ ಉಪ್ಪು ಸವರಿ ಅರ್ಧ ತಾಸು ಇಡಿ. ಗಡಿಗೆಯಲ್ಲಿ ಶೇಂಗಾ ಎಣ್ಣೆ ಕಾಯಿಸಿ ಚಕ್ಕೆ, ನಾಲ್ಕೈದು ಲವಂಗ, ಹೆಚ್ಚಿದ ಎರಡು ಉಳ್ಳಾಗಡ್ಡಿ, ಆಮೇಲೆ ಹಸಿಶುಂಠಿ ಬೆಳ್ಳುಳ್ಳಿ ಜಜ್ಜಿದ್ದು; ಬೆಳ್ಳುಳ್ಳಿ ಒಂದು ಪೂರ್ತಿ ಗಡ್ಡೆ ಇರಲಿ, ಜಿಪುಣತನ ಬೇಡ. ಕೋಳಿ ಹಾಕಿ, ನೀರು ಹಾಕದೆ, ಮುಚ್ಚಿಡಿ. ಅದು ತನ್ನದೇ ನೀರು ಬಿಟ್ಟುಕೊಂಡು ಆ ನೀರಿನಲ್ಲೇ ಬೆಂದು, ನೀರು ಆರಿ ಮತ್ತೆ ಎಣ್ಣೆ ಕಾಣಿಸಿಕೊಳ್ಳುವವರೆಗೆ ಕಾಯಬೇಕು. ಈ ಹಂತ ತಪ್ಪಿಸಿದವರ ಸಾರಿಗೇ ಹಸಿ ವಾಸನೆ ಬರುವುದು. ಆಮೇಲೆ ಒಂದೂವರೆ ಲೀಟರ್ ಬಿಸಿನೀರು, ತಾಟು, ಸಣ್ಣ ಉರಿ, ಒಂದೂವರೆ ತಾಸು.

ಅಷ್ಟರಲ್ಲಿ ಮಸಾಲೆ. ಒಂದು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹೂತು ಸುಡಿ. ಕಾಲು ಗಿಟುಕು ಒಣಕೊಬ್ಬರಿಯನ್ನೂ ಕೆಂಡಕ್ಕೆ ತೋರಿಸಿ, ಅಂಚು ಕಪ್ಪಾಗಲಿ. ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಒಂದು ಚಮಚ ಗಸಗಸೆ ಬೇರೆ ಬೇರೆ ಹುರಿದು, ಸಾರು ಗಟ್ಟಿ ಬೇಕಾದವರು ಒಂದು ಹಿಡಿ ಪುಟಾಣಿ ಸೇರಿಸಿ ನುಣ್ಣಗೆ ರುಬ್ಬಿ. ಹತ್ತು ಹನ್ನೆರಡು ಬ್ಯಾಡಗಿ, ಮೂರು ನಾಲ್ಕು ಗುಂಟೂರು ಮೆಣಸಿನಕಾಯಿ ಬಿಸಿನೀರಿನಲ್ಲಿ ನೆನೆಸಿ ಬೇರೆಯೇ ಅರೆಯಿರಿ. ಈ ಖಾರವನ್ನು ನೇರ ಸಾರಿಗೆ ಸುರಿಯಬೇಡಿ. ಪಕ್ಕದಲ್ಲಿ ಒಂದು ಸೌಟು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ ಆಮೇಲೆ ಸೇರಿಸಿ. ಮೆಣಸಿನಕಾಯಿಯ ಬಣ್ಣವೂ ಖಾರವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತವೆ. ಮಸಾಲೆ ಬಿದ್ದ ಮೇಲೆ ಇನ್ನರ್ಧ ತಾಸು. ಮೇಲೆ ಕೆಂಪು ಎಣ್ಣೆ ತೇಲಿ ಬಂದು ಒಂದು ಕಡೆ ಕೂಡಿಕೊಂಡಾಗ ಇಳಿಸಿ, ಕೊತ್ತಂಬರಿ ಸೊಪ್ಪು ಉದುರಿಸಿ. ನಿಂಬೆಹಣ್ಣು ಬಡಿಸುವಾಗ.

ಗ್ಯಾಸಿನವರು ಏನು ಮಾಡಬೇಕು? ಜೀನ್ಸ್ ಹೊಲಿಗೆಯ ಕಾರ್ಖಾನೆಯಿಂದ ಸಂಜೆ ಏಳಕ್ಕೆ ಮನೆಗೆ ಬರುವ ಹೆಣ್ಣುಮಗಳಿಗೆ ಮೂರು ಕಲ್ಲಿನ ಒಲೆಯ ಉಪದೇಶ ಮಾಡುವಷ್ಟು ಮೂರ್ಖ ನಾನಲ್ಲ. ಕುಕ್ಕರಿನೊಳಗೆ 120 ಡಿಗ್ರಿ ಹತ್ತಿರ ಕಾವು ಇರುವುದರಿಂದ ಎರಡು ತಾಸಿನ ಕೆಲಸ ಅರ್ಧ ತಾಸಿನಲ್ಲಿ ಆಗುತ್ತದೆ. ಕುಕ್ಕರಿನ ದೋಷ ಒಂದೇ: ಆವಿ ಹೊರಗೆ ಹೋಗುವುದಿಲ್ಲ, ಸಾರು ಇಂಗುವುದಿಲ್ಲ, ನೀರು ನೀರಾಗಿಯೇ ಉಳಿಯುತ್ತದೆ. ಆದ್ದರಿಂದ ಕೋಳಿಯನ್ನು ಮಾತ್ರ ಕುಕ್ಕರಿನಲ್ಲಿ ಬೇಯಿಸಿ, ಮುಚ್ಚಳ ತೆಗೆದ ಮೇಲೆ ಮಸಾಲೆ ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಡಿ. ನೂರಕ್ಕೆ ನೂರಲ್ಲ, ಆದರೆ ನೆಂಟರಿಗೆ ಗೊತ್ತಾಗುವುದಿಲ್ಲ.

ಮೆಣಸಿನಕಾಯಿಯ ಮಾತು ಬಂದಾಗ ಒಂದು ಹಳೆಯ ಸಂಗತಿ. 1520ರ ಆಸುಪಾಸಿನಲ್ಲಿ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿಯ ಸಂತೆಯ ಕೋಳಿ ದರವನ್ನೂ ಬರೆದಿಟ್ಟಿದ್ದಾನೆ: ಒಂದು ನಾಣ್ಯಕ್ಕೆ ಪಟ್ಟಣದೊಳಗೆ ಮೂರು ಕೋಳಿ, ಹೊರಗೆ ನಾಲ್ಕು. ಪೇಟೆಯಲ್ಲಿ ತುಟ್ಟಿ, ಹಳ್ಳಿಯಲ್ಲಿ ಸೋವಿ ಎಂಬ ನಿಯಮ ಐನೂರು ವರ್ಷಕ್ಕೂ ಹಳೆಯದು. ಆದರೆ ಆ ಮೂರು ಕೋಳಿ ಕೊಂಡವನ ಸಾರಿನಲ್ಲಿ ಖಾರವೆಂದರೆ ಕಾಳುಮೆಣಸು. ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಕರಾವಳಿಗೆ ಬಂದು ಒಳನಾಡಿಗೆ ಹಬ್ಬುವುದಕ್ಕೆ ಇನ್ನೂ ಕಾಲವಿತ್ತು. ನಮ್ಮ ಇವತ್ತಿನ ಗಡಿಗೆಯಲ್ಲಿ ಮೆಣಸಿನಕಾಯಿ, ಶೇಂಗಾ ಎಣ್ಣೆ, ಗಡಿಗೆಯ ಕೆಳಗಿನ ಜಾಲಿ ಮೂರೂ ಒಂದೇ ದಿಕ್ಕಿನಿಂದ ಬಂದ ನೆಂಟರು. ಕೋಳಿ ಮಾತ್ರ ಈ ಕಡೆಯದು.

ಆ ನೆಂಟರಲ್ಲಿ ಮೆಣಸಿನಕಾಯಿ ಈಗ ಕುರುಗೋಡು ಸೀಮೆಯ ಯಜಮಾನ. ದೊಡ್ಡಬಸವೇಶ್ವರನ ಗುಡಿಯಿರುವ ಈ ಊರಿನ ಆಚೀಚೆ ಕರಿಮಣ್ಣಿನ ಹೊಲಗಳಲ್ಲಿ ಸಂಕ್ರಾಂತಿ ದಾಟಿದ ಮೇಲೆ ಹೋಗಿ ನೋಡಿ, ಕಣದ ತುಂಬ ಕೆಂಪು. ಹಗಲು ಹರಡಿ, ರಾತ್ರಿ ಇಬ್ಬನಿ ಬೀಳದಂತೆ ತಾಡಪಾಲು ಮುಚ್ಚಿ, ಮರುದಿನ ಮತ್ತೆ ಹರಡಿ ಒಣಗಿಸುತ್ತಾರೆ. ಗಾಳಿ ಬೀಸಿದರೆ ರಸ್ತೆಯಲ್ಲಿ ಹೋಗುವವರಿಗೂ ಸೀನು. ಬೆಳೆಯುವುದು ಬಳ್ಳಾರಿಯಲ್ಲಿ, ಮಾರುವುದು ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರು ದೊಡ್ಡದು. ಅಲ್ಲಿಯವರೆಗೆ ಲಾರಿ ಬಾಡಿಗೆ ತೆತ್ತು ಹೋಗುವವರಲ್ಲಿ ನಮ್ಮ ಜಿಲ್ಲೆಯ ರೈತರು ಬಹಳ ಮಂದಿ. ಬಳ್ಳಾರಿಯಲ್ಲೇ ಒಂದು ಮೆಣಸಿನಕಾಯಿ ಮಾರುಕಟ್ಟೆ ಬೇಕೆಂಬ ಬೇಡಿಕೆ ಅದಕ್ಕೇ ಹುಟ್ಟಿದ್ದು. 2024ರ ಮಾರ್ಚ್ 11ರಂದು ದರ ಕುಸಿದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಸುದ್ದಿ ಓದಿದವರಿಗೆ ಈ ಕೆಂಪಿನ ಹಿಂದಿನ ಸಂಕಟ ಗೊತ್ತು. ಮನೆಗೆಂದು ರೈತ ತೆಗೆದಿಡುವುದು ಮಾತ್ರ ಮೊದಲ ಕೊಯ್ಲಿನದನ್ನೇ. ಡಬ್ಬಿ ಜಾತಿಯಾದರೆ ಗಿಡ್ಡ, ದುಂಡಗೆ. ಕಡ್ಡಿಯಾದರೆ ಉದ್ದ, ಸುಕ್ಕು. ಎರಡೂ ಬಣ್ಣಕ್ಕೆ ಮುಂದು, ಖಾರಕ್ಕೆ ಹಿಂದು. ಹಾಗಾಗಿ ಜೊತೆಗೆ ನಾಲ್ಕು ಗುಂಟೂರು ಬೇಕೇ ಬೇಕು.

ಸಾರು ಎಷ್ಟು ಗಟ್ಟಿ ಇರಬೇಕೆಂಬ ಜಗಳಕ್ಕೆ ಮಸಾಲೆ ಉತ್ತರ ಹೇಳುವುದಿಲ್ಲ, ತಟ್ಟೆಯಲ್ಲಿ ಏನಿದೆ ಎಂಬುದು ಹೇಳುತ್ತದೆ. ಕುರುಗೋಡಿನಲ್ಲಿ ಬಿಸಿ ಜೋಳದ ರೊಟ್ಟಿ. ರೊಟ್ಟಿಗೆ ಹತ್ತಬೇಕಾದರೆ ಸಾರು ಗಟ್ಟಿ ಬೇಕು, ಪುಟಾಣಿಯೋ ಶೇಂಗಾವೋ ಬಿದ್ದೇ ಬೀಳುತ್ತದೆ. ಬಳ್ಳಾರಿ ಪೇಟೆಯಲ್ಲಿ ಆಂಧ್ರದ ಕಡೆಯ ನಂಟಿರುವ ಮನೆಗಳಲ್ಲಿ ರಾಗಿ ಸಂಗಟಿ. ಮುರಿದು ಅದ್ದಿ ನುಂಗುವುದಕ್ಕೆ ಹದ ನಡುವಿನದು. ಸಿರುಗುಪ್ಪಕ್ಕೆ ಹೋದರೆ ಅನ್ನ. ಅಲ್ಲಿ ಸಾರು ತೆಳ್ಳಗೆ, ಸೌಟು ಸೌಟಾಗಿ ಸುರಿದುಕೊಳ್ಳುವಂಥದ್ದು, ಅನ್ನದ ರಾಶಿಯ ನಡುವೆ ಗುಂಡಿ ಮಾಡಿ ಹೊಯ್ದರೆ ತಳದವರೆಗೂ ಇಳಿಯಬೇಕು. ತುಂಗಭದ್ರೆಯ ದಂಡೆಯ ಸಿರುಗುಪ್ಪ, ದೇಶನೂರಿನ ಕಾಲುವೆಗಳು ವಿಜಯನಗರದ ಕಾಲದವು. 1953ರಲ್ಲಿ ಅಣೆಕಟ್ಟೆಯಿಂದ ನೀರು ಹರಿದ ಮೇಲೆ, ಕೆಳಮಟ್ಟದ ಕಾಲುವೆ ಬಂದ ಮೇಲೆ, ಮಳೆ ನಂಬಿ ಜೋಳ ಬಿತ್ತುತ್ತಿದ್ದ ಹೊಲಗಳೂ ಗದ್ದೆಯಾದವು. ಈಗ ಸಿರುಗುಪ್ಪವೆಂದರೆ ಸೋನಾ ಮಸೂರಿ ಮತ್ತು ಅಕ್ಕಿ ಗಿರಣಿ. ಅಲ್ಲಿಯ ಹಳಬರ ಮನೆಗಳಲ್ಲಿ ಇವತ್ತಿಗೂ ಕೋಳಿಯ ದಿನ ನಾಲ್ಕು ರೊಟ್ಟಿ ಬಡಿಯುತ್ತಾರೆ, ಆದರೆ ಸಾರಿನ ಹದ ಅನ್ನದ ಕಡೆ ವಾಲಿಬಿಟ್ಟಿದೆ.

1953 ಇನ್ನೊಂದಕ್ಕೂ ನೆನಪಿಡುವ ವರ್ಷ. ಆ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಸಿರುಗುಪ್ಪಗಳು ಮೈಸೂರಿಗೆ ಬಂದವು. ಬೀಗತನ ಒಡೆಯಲಿಲ್ಲ. ಆದೋನಿಯ ಕಡೆಯಿಂದ ಸೊಸೆ ಬಂದ ಸಿರುಗುಪ್ಪದ ಮನೆಗಳಲ್ಲಿ ಸಾರಿಗೆ ಹುಣಸೆ ಹುಳಿ ಬೀಳುತ್ತದೆ, ಅತ್ತೆ ಮೂಗು ಮುರಿಯುತ್ತಾಳೆ, ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ.

ಜವಾರಿ ಕೋಳಿ ಇಷ್ಟು ದುಬಾರಿ ಯಾಕೆಂದು ಗೊಣಗುವವರು ಬೇಸಿಗೆಯ ಕೊಕ್ಕರೆ ರೋಗವನ್ನು ನೆನೆಯಬೇಕು. ಲಸಿಕೆ ಹಾಕಿಸದ ಹಿತ್ತಲಿನ ಕೋಳಿಗಳು ವಾರದೊಳಗೆ ಸಾಲುಸಾಲಾಗಿ ಬಿದ್ದುಹೋಗುತ್ತವೆ. ಲಸಿಕೆ ಸೋವಿ, ಪಶು ಆಸ್ಪತ್ರೆಗೆ ಹೋಗುವ ಮನಸ್ಸು ತುಟ್ಟಿ. 2025ರಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಖಚಿತವಾದಾಗ ಕೋಳಿ ತಿನ್ನಬಹುದೇ ಎಂದು ಎಲ್ಲರೂ ಎಲ್ಲರನ್ನೂ ಕೇಳಿದರು. ರೋಗದ ಕೋಳಿಯನ್ನು ಮುಟ್ಟಬಾರದು, ಕೊಯ್ಯಬಾರದು, ಅದು ಬೇರೆ ಮಾತು. ಚೆನ್ನಾಗಿ ಬೆಂದ ಮಾಂಸದಲ್ಲಿ ಆ ವೈರಾಣು ಉಳಿಯುವುದಿಲ್ಲ. ಎರಡು ತಾಸಿನ ಸಾರಿನಲ್ಲಂತೂ ಉಳಿಯುವ ಮಾತೇ ಇಲ್ಲ.

ಸಾರು ಆಯಿತು, ಹಂಚುವುದು ಉಳಿಯಿತು. ಅಳಿಯ ಬಂದಿದ್ದರೆ ತೊಡೆ ಅವನಿಗೆ, ಇಲ್ಲದಿದ್ದರೆ ಮನೆಯ ಗಂಡುಮಕ್ಕಳಿಗೆ. ಕಾಳು ಅರೆಯುವ ಗಟ್ಟಿ ಜಠರಕ್ಕೆ ಹುಡುಗರ ಜಗಳ. ಬೆಳಿಗ್ಗೆಯಿಂದ ಹೊಗೆ ಕುಡಿದವಳ ತಟ್ಟೆಗೆ ಕುತ್ತಿಗೆ, ಬೆನ್ನು, ಕೊನೆಗೆ ಗಡಿಗೆಯ ತಳದ ಸಾರು. ಕುತ್ತಿಗೆಯೇ ರುಚಿ ಎಂದು ಆಕೆಯೇ ಹೇಳುತ್ತಾಳೆ. ರುಚಿ ಹೌದು, ಅದರಲ್ಲಿ ಕೊಲಾಜನ್ ಜಾಸ್ತಿ. ಆದರೂ ಒಂದು ಸಲ ತೊಡೆ ಅವಳಿಗೆ ಹಾಕಿ ಕುತ್ತಿಗೆಯನ್ನು ಅಳಿಯನಿಗೆ ಬಡಿಸಿ, ರುಚಿಯ ವಿಚಾರ ಅವನ ಬಾಯಿಂದಲೂ ಕೇಳೋಣ.

ಕೊನೆಗೆ ಅಂಗಡಿಯವನ ಲೆಕ್ಕ. ಮುಂದಿನ ಸಲ ಮಸಾಲೆ ಹಾಕುವ ಮೊದಲು ಗಡಿಗೆಯಿಂದ ಒಂದು ಬಟ್ಟಲು ತಿಳಿ ತೆಗೆದಿಡಿ. ಅರ್ಧವನ್ನು ಮೆಣಸಿನಪುಡಿ ಉದುರಿಸಿ ಮನೆಯಲ್ಲಿ ನೆಗಡಿಯಾದವರಿಗೆ ಕೊಡಿ. ಉಳಿದರ್ಧ ರಾತ್ರಿ ಫ್ರಿಜ್ಜಿನಲ್ಲಿರಲಿ. ಬೆಳಿಗ್ಗೆ ಬಟ್ಟಲು ಓರೆ ಮಾಡಿದಾಗ ತಿಳಿ ಗಟ್ಟಿಯಾಗಿ ಹೆಪ್ಪುಗಟ್ಟಿ ಅಲುಗದೆ ನಿಂತರೆ ನಿಮಗೆ ಸಿಕ್ಕಿದ್ದು ಬಹುಶಃ ಬಲಿತ ಕೋಳಿಯೇ, ಅದೇ ಅಂಗಡಿಗೆ ಮತ್ತೆ ಹೋಗಿ. ನೀರಿನಂತೆ ಹರಿದರೆ ಜವಾರಿ ಎಂದು ದುಡ್ಡು ತೆಗೆದುಕೊಂಡವನ ಹತ್ತಿರ ಭಾನುವಾರ ಬಟ್ಟಲು ಹಿಡಿದುಕೊಂಡೇ ಹೋಗಬಹುದು.